ತರಬೇತಿ ಕೇಂದ್ರಕ್ಕೆ ಬೆಂಕಿ ಬಿದ್ದ ದಿನ

ತರಬೇತಿ ಕೇಂದ್ರಕ್ಕೆ ಇಲಾಖೆಯ ದೊಡ್ಡ ಅಧಿಕಾರಿ ಬರಬೇಕಾಗಿದ್ದ ದಿನ, ಬೆಳಗಿನ ನಮಾಜು ಮುಗಿದ ಹೊತ್ತಿಗೆ ಪೊಲೀಸರು ರೈಲು ಹಳಿಯ ಮೇಲಿನ ಗುಡಾರಕ್ಕೆ ನುಗ್ಗಿದರು. ಗಣಿ ಊರು ಸೀದಿ ಘರೀಬಿನ ಕೆಲಸವಿಲ್ಲದ ಹುಡುಗರು ಚಳಿಗಾಲ ಶುರುವಾದಾಗಿನಿಂದ ಅಲ್ಲಿ ಠಿಕಾಣಿ ಹೂಡಿದ್ದರು. ಗಣಿಯಲ್ಲಿ ತಮಗೂ ಕೆಲಸ ಕೊಡುವ ತನಕ ಫಾಸ್ಫೇಟ್ ತುಂಬಿದ ಒಂದು ರೈಲು ಡಬ್ಬಿಯನ್ನೂ ಬಂದರಿನ ಕಡೆಗೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಪೊಲೀಸರು ಗುಡಾರದ ಕಂಬಗಳನ್ನು ಒದ್ದು ಉರುಳಿಸಿದರು. ಒಳಗೆ ಮಲಗಿದ್ದವರನ್ನು ಎಬ್ಬಿಸುವ ಗೋಜಿಗೂ ಹೋಗದೆ ಕಂಬಳಿಯ ಮೇಲೆಯೇ ಲಾಠಿ ಬೀಸಿದರು. ಕೆಂಡದ ಮೇಲೆ ಕುದಿಯುತ್ತಿದ್ದ ಚಹಾ ಒಬ್ಬನ ಪಾದದ ಮೇಲೆ ಚೆಲ್ಲಿ ಅವನು ಕಿರುಚಿಕೊಂಡ. ಅಶ್ರುವಾಯುವಿನ ಡಬ್ಬಿಯೊಂದು ನೇರವಾಗಿ ಹಾರಿ ಬಂದು ಸಾಲ್ಹನೆಂಬವನ ಎದೆಗೆ ಬಡಿಯಿತು. ಅವನು ಹಳಿಯ ಜಲ್ಲಿಯ ಮೇಲೆ ಅಂಗಾತ ಬಿದ್ದು ಮತ್ತೆ ಏಳಲಿಲ್ಲ.

ಹಳಿಯಿಂದ ಕೂಗಳತೆಯ ದೂರದಲ್ಲಿದ್ದ ಮನೆಯಲ್ಲಿ ದಲೆಂದಾ ಆಗ ನೀಲಿ ಮೇಲಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಸದ್ದು ಕೇಳಿ ಅವಳ ಕೈ ನಿಂತಿತು. ಅವಳ ಅಣ್ಣ ವನ್ನಾಸ್ ಆ ಗುಡಾರದಲ್ಲೇ ಇದ್ದ.

"ಇವತ್ತು ಎಲ್ಲಿಗೂ ಹೋಗ್ಬೇಡ," ಎಂದಳು ತಾಯಿ ಹದ್ದಾ, ಬಾಗಿಲಿಗೆ ಅಡ್ಡ ನಿಂತು. "ಅಲ್ಲಿ ನಿನ್ನ ಅಣ್ಣನ್ನ ಚಚ್ತಾ ಇದ್ದಾರೆ. ಇಲ್ಲಿ ನೀನು ಅವರ ಮುಂದೆ ಆಟ ಆಡಿ ತೋರ್ಸೋಕೆ ಹೊರಟಿದೀಯ."

"ಆಟ ಅಲ್ಲಮ್ಮ. ಬಂದವರು ಕೆಲಸ ನೋಡಿ ಮೆಚ್ಚಿದ್ರೆ ವೆಲ್ಡಿಂಗ್ ಕೋರ್ಸ್ ಮುಂದುವರಿಯತ್ತೆ ಅಂತ ಮೇಸ್ತ್ರಿ ಹೇಳಿದಾರೆ. ಇಲ್ಲದಿದ್ರೆ ಬೇಸಿಗೆಗೆ ಬೀಗ ಹಾಕ್ತಾರಂತೆ."

"ಹಾಕ್ಲಿ ಬಿಡು. ನಿನ್ನ ಅಣ್ಣನೂ ಕಲಿತ. ಕಲಿತು ಏನು ಕಿಸಿದ?"

ವನ್ನಾಸ್ ಅದೇ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿತಿದ್ದ. ಆಮೇಲೆ ಸರ್ಕಾರದ ಒಂದೊಂದು ಯೋಜನೆಯಲ್ಲೂ ಹೊಕ್ಕು ಹೊರಬಂದಿದ್ದ. ಒಂದು ವರ್ಷ ಪುರಸಭೆಯಲ್ಲಿ ದೀಪ ಬದಲಿಸಿದ, ಇನ್ನೊಂದು ವರ್ಷ ಖಾಸಗಿ ಅಂಗಡಿಯಲ್ಲಿ ಬಿಟ್ಟಿ ದುಡಿದ. ಯೋಜನೆ ಮುಗಿದ ದಿನ ಮನೆಗೆ ಕಳಿಸುತ್ತಿದ್ದರು. ಈಚೆಗೆ ಅವನು ತರಬೇತಿ ಎಂಬ ಪದ ಕೇಳಿದರೆ ಉಗುಳುತ್ತಿದ್ದ. ತಂಗಿ ವೆಲ್ಡಿಂಗಿಗೆ ಸೇರಿದಾಗ ಮಾತ್ರ ಏನೂ ಅನ್ನದೆ ತನ್ನ ಹಳೆಯ ಬೂಟುಗಳನ್ನು ಅವಳ ಮುಂದಿಟ್ಟಿದ್ದ.

ದಲೆಂದಾ ತಾಯಿಯ ತೋಳಿನ ಕೆಳಗೆ ತಲೆ ಬಗ್ಗಿಸಿ ಹೊರಟಳು.

ಕೇಂದ್ರದ ಅಂಗಳವನ್ನು ಆಗಲೇ ಗುಡಿಸಿ ನೀರು ಚಿಮುಕಿಸಿದ್ದರು. ಧ್ವಜಗಳು ಹಾರುತ್ತಿದ್ದವು. ಸೀ ಬಲ್ಗಾಸಿಮ್ ಕಾರ್ಯಾಗಾರದ ಬಾಗಿಲಲ್ಲೇ ನಿಂತಿದ್ದರು. ಅರ್ಧ ಆಯುಷ್ಯ ಗಣಿಯ ವರ್ಕ್‌ಶಾಪಿನಲ್ಲಿ ಕಳೆದು, ಆಮೇಲೆ ಇಲ್ಲಿ ಕಲಿಸಲು ಬಂದ ಮನುಷ್ಯ ಅವರು. ಊರಿನ ಅರ್ಧ ಕಿಟಕಿ ಸರಳುಗಳು ಅವರ ಇಲ್ಲವೇ ಅವರ ಶಿಷ್ಯರ ಕೈಯಿಂದ ಬಂದವು. ಊರಲ್ಲಿ ಎಲ್ಲರೂ ಅವರನ್ನು ಸೀ ಎಂದು ಗೌರವ ಸೇರಿಸಿಯೇ ಕರೆಯುತ್ತಿದ್ದರು. ಶಿಷ್ಯರಿಗೆ ಅವರು ಬರೀ ಮೇಸ್ತ್ರಿ.

"ಗುಂಡಿ ಅದಲುಬದಲು ಹಾಕ್ಕೊಂಡಿದೀಯಲ್ಲೇ," ಎಂದರು.

"ಗುಂಡಿನ ಸದ್ದು ಕೇಳಿಸ್ತು ಮೇಸ್ತ್ರಿ. ಅಣ್ಣ ಅಲ್ಲಿದಾನೆ."

"ಗೊತ್ತು." ಅವರು ಹಳಿಯ ಕಡೆ ನೋಡಿದರು. ಅಲ್ಲಿ ಬಿಳಿ ಹೊಗೆ ನೆಲಕ್ಕಂಟಿ ಹರಿದಾಡುತ್ತಿತ್ತು. "ಇವತ್ತೇ ಆಗ್ಬೇಕಿತ್ತಾ ಇವರಿಗೆ. ಹೋಗು, ಮುಖ ತೊಳ್ಕೊ. ಕಣ್ಣು ಉರಿಯೋವಾಗ ಕಿಡಿ ನೋಡ್ಬಾರ್ದು."

ಅಧಿಕಾರಿ ಬಂದ. ಎತ್ತರದ ಮನುಷ್ಯ, ಮೈಗೊಪ್ಪುವ ಕೋಟು, ಜೊತೆಗೆ ಕ್ಯಾಮೆರಾದವರು. ನಾಡಿನ ನಾಳೆಯೆಲ್ಲ ಯುವಕರ ಕೈಯಲ್ಲಿದೆ ಎಂದು ಭಾಷಣ ಮಾಡಿದ. ಹೊಸ ಯೋಜನೆಯ ಹೆಸರು ಹೇಳಿದ. ಅದರ ಹಿಂದಿನ ಯೋಜನೆಯ ಹೆಸರು ಯಾರಿಗೂ ನೆನಪಿರಲಿಲ್ಲ. ದಲೆಂದಾ ಮುಖಗವಸು ಇಳಿಸಿ ತಗಡಿನ ಮೇಲೆ ಬೆಸುಗೆ ಎಳೆದಳು. ಬೆಸುಗೆಯ ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ. ಕರಿ ಗಾಜಿನ ಹಿಂದೆ ಕೂತಾಗ ಅವಳ ಗೆರೆ ಎಂದೂ ತಪ್ಪಿದ್ದಿಲ್ಲ.

"ಶಭಾಷ್ ಮಗಳೇ. ಮುಂದೆ ಎಲ್ಲಿ ಕೆಲಸ ಮಾಡೋ ಆಸೆ?" ಎಂದು ಕೇಳಿದ ಅಧಿಕಾರಿ.

"ಎಲ್ಲಿ ಕೊಡ್ತೀರೋ ಅಲ್ಲಿ," ಎಂದಳು. ಕ್ಯಾಮೆರಾದವರು ನಕ್ಕರು.

ನಗು ಮುಗಿಯುವ ಮೊದಲೇ ತಗಡಿನ ಮಾಡಿನ ಮೇಲೆ ಕಲ್ಲೊಂದು ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಆಲಿಕಲ್ಲಿನ ಮಳೆಯ ಹಾಗೆ ಕಲ್ಲುಗಳು ಸುರಿಯತೊಡಗಿದವು. ಹೊರಗೆ ನೂರಾರು ಗಂಟಲುಗಳು ಒಟ್ಟಿಗೆ ಕೂಗುತ್ತಿದ್ದವು: ಸಾಲ್ಹನನ್ನು ಕೊಂದರು, ಸಾಲ್ಹನನ್ನು ಕೊಂದರು. ಸಾಲ್ಹ ಸತ್ತಿರಲಿಲ್ಲ. ಪಕ್ಕೆಲುಬು ಮುರಿದು ಯಾರದೋ ಮನೆಯ ಚಾಪೆಯ ಮೇಲೆ ನರಳುತ್ತಿದ್ದ. ಆದರೆ ಕೂಗುತ್ತಿದ್ದವರಿಗೆ ಅದು ಗೊತ್ತಿರಲಿಲ್ಲ.

ಅಧಿಕಾರಿಯನ್ನು ನಾಲ್ಕು ಕಡೆಯಿಂದ ಹಿಡಿದು ಹಿಂಬಾಗಿಲಿಗೆ ಒಯ್ದರು. ಕಾರುಗಳು ಧೂಳೆಬ್ಬಿಸಿ ಹೋದವು, ಪೊಲೀಸರ ವ್ಯಾನುಗಳು ಅವುಗಳ ಬೆನ್ನಿಗೇ ಹೋದವು. ಮುಂಬಾಗಿಲ ಕಾವಲಿನವನು ಟೋಪಿ ಕಳಚಿ ಜೇಬಿಗೆ ತುರುಕಿಕೊಂಡು ಗೋಡೆ ಹಾರಿದ. ಕೇಂದ್ರದಲ್ಲಿ ಕಲಿಯುವವರು, ಕಲಿಸುವವರು ಮಾತ್ರ ಉಳಿದರು.

ಗೇಟು ಒಳಕ್ಕೆ ಬಾಗಿ ಬಿತ್ತು. ಜನ ಹರಿದು ಬಂದರು. ಮೊದಲು ಹೊಲಿಗೆ ಯಂತ್ರಗಳು ಕಿಟಕಿಯಿಂದ ಹೊರಗೆ ಹಾರಿದವು, ಆಮೇಲೆ ಕಂಪ್ಯೂಟರುಗಳು. ಒಬ್ಬ ಧ್ವಜದ ಕೋಲಿನಿಂದ ಗಾಜುಗಳನ್ನೆಲ್ಲ ಸಾಲಾಗಿ ಒಡೆಯುತ್ತಾ ಹೋದ. ಕೊಳಾಯಿ ಕೆಲಸ ಕಲಿಸುತ್ತಿದ್ದ ಮುದುಕ ಅಡ್ಡ ಬಂದದ್ದಕ್ಕೆ ಅವನನ್ನು ಗಡ್ಡ ಹಿಡಿದು ಎಳೆದು ಹೊಟ್ಟೆಗೆ ಒದ್ದರು. ಹುಡುಗಿಯರು ಕಿರುಚುತ್ತಾ ಗೋಡೆಯ ಕಡೆ ಓಡಿದರು. ದಲೆಂದಾ ಓಡಲಿಲ್ಲ. ಮೇಸ್ತ್ರಿ ಕಾರ್ಯಾಗಾರದ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದರು, ಅವಳು ಅವರ ಹಿಂದೆ ನಿಂತಳು.

ಗುಂಪಿನ ಮುಂದೆ ವನ್ನಾಸ್ ಇದ್ದ. ಹಣೆ ಒಡೆದು ರಕ್ತ ಹುಬ್ಬಿನ ಮೇಲೆ ಹೆಪ್ಪುಗಟ್ಟಿತ್ತು. ಕಣ್ಣುಗಳು ಅಶ್ರುವಾಯುವಿಗೆ ಬಾತು ಗೀರಿನಷ್ಟಾಗಿದ್ದವು. ಕೈಯಲ್ಲಿ ಗುಡಾರದ ಕಬ್ಬಿಣದ ಕಂಬದ ತುಂಡಿತ್ತು.

"ದಾರಿ ಬಿಡಿ ಸೀ ಬಲ್ಗಾಸಿಮ್."

"ಯಾಕೋ ವನ್ನಾಸ್? ಒಳಗೆ ಯಾರಿದಾರೆ ಅಂತ? ಅವರೆಲ್ಲ ಓಡಿಹೋದ್ರು. ಇಲ್ಲಿರೋದು ಯಂತ್ರ."

"ಆ ಯಂತ್ರಾನೇ ಬೇಕು. ಅದನ್ನ ತೋರಿಸಿ ತೋರಿಸೇ ನಮ್ಮನ್ನ ಇಷ್ಟು ವರ್ಷ ಕುಣಿಸಿದ್ದು."

"ನಿನಗೆ ಇಕ್ಕಳ ಹಿಡಿಯೋದು ಕಲಿಸಿದವನು ನಾನು ಕಣೋ. ನನ್ನ ಮುಖ ನೋಡು."

"ಕಲಿಸಿದ್ರಿ. ನಾನು ಕಲಿತಿದ್ದಕ್ಕೆ ನಿಮಗೆ ಸಂಬಳ ಬಂತು. ನನಗೇನು ಬಂತು?" ವನ್ನಾಸನ ದನಿ ಸೀಳಿತು. "ಸಾಲ್ಹ ನಿಮ್ಮ ಶಿಷ್ಯನೇ ಅಲ್ವಾ? ಅವನು ಹಳಿ ಮೇಲೆ ಬಿದ್ದಾಗ ನೀವಿಲ್ಲಿ ಬಾವುಟ ಕಟ್ತಾ ಇದ್ರಿ."

ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದರು. ಕಂಬದ ತುಂಡು ಅವರ ಮುಖಕ್ಕೆ ಅಡ್ಡವಾಗಿ ಬಿತ್ತು. ಒದ್ದೆ ಮಣ್ಣಿನ ಮೇಲೆ ಸನಿಕೆ ಬಿದ್ದ ಸದ್ದು. ಅವರು ಮಂಡಿಯೂರಿ ಕುಸಿದರು. ಎಡಗಣ್ಣಿದ್ದ ಜಾಗದಿಂದ ರಕ್ತ ಬೆರಳುಗಳ ಸಂದಿಯಲ್ಲಿ ಹರಿಯತೊಡಗಿತು. ವನ್ನಾಸ್ ಕಂಬವನ್ನು ಮತ್ತೆ ಎತ್ತಿದ.

ದಲೆಂದಾ ಆಮೇಲೆ ಎಷ್ಟು ಸಲ ಯೋಚಿಸಿದರೂ, ಕಬ್ಬಿಣ ಬಿಗಿಹಿಡಿಯುವ ವೈಸಿನ ಪಕ್ಕದಲ್ಲಿದ್ದ ಸುತ್ತಿಗೆ ತನ್ನ ಕೈಗೆ ಹೇಗೆ ಬಂತೆಂದು ಅವಳಿಗೆ ನೆನಪಾಗುತ್ತಿರಲಿಲ್ಲ. ಎತ್ತಿದ ಆ ಬಲಗೈಯ ಮಣಿಕಟ್ಟಿಗೆ ಅವಳು ತನ್ನ ಶಕ್ತಿಯನ್ನೆಲ್ಲ ಹಾಕಿ ಹೊಡೆದಳು. ಮೂಳೆ ಲಟಕ್ಕೆಂದಿತು. ಕಂಬ ಸಿಮೆಂಟಿನ ಮೇಲೆ ಠಣಠಣಿಸುತ್ತಾ ಉರುಳಿತು. ವನ್ನಾಸ್ ಕೂಗಲಿಲ್ಲ. ಜೋತುಬಿದ್ದ ಕೈಯನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದ, ಅಷ್ಟೇ.

ಗುಂಪಿನಲ್ಲಿ ಹಿಂದಿದ್ದವರಿಗೆ ಇದೊಂದೂ ಕಾಣಲಿಲ್ಲ. ಅವರು ಇನ್ನೂ ತಳ್ಳುತ್ತಲೇ ಇದ್ದರು. ಅವರ ನಡುವಿನಿಂದ ಮೊಂಜಿ ಮೊಣಕೈಯಲ್ಲಿ ದಾರಿ ಮಾಡಿಕೊಂಡು ಬಂದ. ದಲೆಂದಾಳ ಓಣಿಯವನೇ, ಬೇಕರಿಯಲ್ಲಿ ಹಿಟ್ಟು ನಾದುವವನು, ಯಾರ ಜಗಳಕ್ಕೂ ಹೋಗದವನು. ಸಾಲ್ಹ ಅವನ ಗೆಳೆಯನಾದ್ದರಿಂದ ಗುಂಪಿನ ಜೊತೆ ಬಂದಿದ್ದ. ಅವನು ಮೇಸ್ತ್ರಿಯ ಕಂಕುಳಿಗೆ ಕೈ ಹಾಕಿ ಎತ್ತಿ ತನ್ನ ಎದೆಗೊರಗಿಸಿಕೊಂಡ. ಅವನ ಬಿಳಿ ಅಂಗಿ ಕ್ಷಣದಲ್ಲಿ ಕೆಂಪಾಯಿತು.

"ದಲೆಂದಾ, ಆಕಡೆ ನೋಡು," ಎಂದ ಮೊಂಜಿ.

ಉಗ್ರಾಣದ ಕಿಟಕಿಯೊಳಗೆ ಯಾರೋ ಪೆಟ್ರೋಲ್ ಬಾಟಲಿ ಎಸೆದಿದ್ದರು. ಒಳಗೆ ಬಣ್ಣದ ಡಬ್ಬಿಗಳು, ಹಳೆಯ ಟೈರುಗಳು ಇದ್ದವು. ಕರಿಹೊಗೆ ಸುರುಳಿ ಸುರುಳಿಯಾಗಿ ಹೊರಟಿತ್ತು. ಉಗ್ರಾಣದ ಮಗ್ಗುಲಿಗೇ ಗ್ಯಾಸ್ ಸಿಲಿಂಡರ್‌ಗಳ ಕೋಣೆ. ಅದರ ಹಿಂಗೋಡೆಗೆ ಅಂಟಿಕೊಂಡು ಮನೆಗಳ ಸಾಲು, ಗಲಾಟೆ ನೋಡಲು ಹೆಂಗಸರು, ಮಕ್ಕಳು ಮಾಳಿಗೆ ಹತ್ತಿ ನಿಂತಿದ್ದರು.

"ಗ್ಯಾಸ್ ಇದೆ ಅಲ್ಲಿ, ಓಡಿ," ಎಂದು ದಲೆಂದಾ ಕೂಗಿದಳು. ಗ್ಯಾಸ್ ಎಂಬ ಮಾತು ಬಾಯಿಂದ ಬಾಯಿಗೆ ಹೋಗಿ, ಒಳಬರುವಾಗಿದ್ದಕ್ಕಿಂತ ಜೋರಾಗಿ ಗುಂಪು ಹೊರಗೆ ನುಗ್ಗಿತು. ಬಿದ್ದವರನ್ನು ತುಳಿದುಕೊಂಡು ಹೋದರು. ಮೊಂಜಿ ಮೇಸ್ತ್ರಿಯನ್ನು ಬೆನ್ನಿಗೇರಿಸಿಕೊಂಡು ಅವರ ಹಿಂದೆ ಓಡಿದ. ದಲೆಂದಾ ಕೋಣೆಯ ಚಿಲಕಕ್ಕೆ ಕೈ ಹಾಕಿದಳು. ಕಬ್ಬಿಣ ಆಗಲೇ ಕಾದಿತ್ತು, ಅಂಗೈ ಚರ್ಮ ಅದಕ್ಕೆ ಅಂಟಿ ಬಂತು.

ಸಿಲಿಂಡರ್ ಅವಳೊಬ್ಬಳಿಗೆ ಜಗ್ಗುವಂಥದ್ದಲ್ಲ. ಮೊದಲನೆಯದನ್ನು ವಾಲಿಸಿ ಬಾಗಿಲ ತನಕ ತರುವುದರಲ್ಲಿ ಎದೆ ಬಿರಿಯುವಂತಾಯಿತು. ಆಗ ಪಕ್ಕದಲ್ಲಿ ಯಾರೋ ಬಗ್ಗಿ ಭುಜ ಕೊಟ್ಟರು. ವನ್ನಾಸ್. ಮುರಿದ ಕೈಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದ.

"ಎಲ್ಲಿ ಹಿಡೀಲಿ?"

"ತಲೆ ಮುಟ್ಬೇಡ. ಮಲಗಿಸಿ ಕಾಲಲ್ಲಿ ಉರುಳಿಸು."

ಅವಳು ಒಳಗಿಂದ ಎಳೆದು ಕೊಟ್ಟಳು, ಅವನು ಅಂಗಳದ ಉದ್ದಕ್ಕೆ ಒದ್ದು ಉರುಳಿಸಿದ. ಬೆಂಕಿ ಹತ್ತುವ ಅಸಿಟಿಲೀನ್ ತುಂಬಿದವು ಎಲ್ಲ ಹೊರಬಂದವು. ಮೂಲೆಯಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ಉಳಿಯಿತು. ಅದರ ಕಡೆ ಹೆಜ್ಜೆಯಿಟ್ಟ ದಲೆಂದಾಳನ್ನು ವನ್ನಾಸ್ ಎಡಗೈಯಲ್ಲಿ ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆಸೆದ. ಅವರಿಬ್ಬರೂ ನೀರಿನ ತೊಟ್ಟಿಯ ಮರೆಗೆ ಬಿದ್ದಿದ್ದರಷ್ಟೇ, ಕೋಣೆ ಸಿಡಿಯಿತು. ಇಟ್ಟಿಗೆಗಳು ಮೇಲೆ ಹಾರಿದವು. ಮಾಡಿನ ತಗಡೊಂದು ಕೊಡಲಿಯ ಹಾಗೆ ತಿರುಗುತ್ತಾ ಬಂದು ಧ್ವಜದ ಕಂಬಕ್ಕೆ ಬಡಿಯಿತು. ಹಿಂಗೋಡೆ ಬಿರುಕುಬಿಟ್ಟರೂ ಬೀಳಲಿಲ್ಲ. ಮಾಳಿಗೆಯ ಮೇಲಿನ ಹೆಂಗಸರ ಚೀತ್ಕಾರ ದಲೆಂದಾಳಿಗೆ ನೀರಿನಡಿಯಿಂದ ಬಂದಂತೆ ಕೇಳಿಸಿತು.

"ನನ್ನ ಕೈ ಮುರಿದೆ ನೀನು," ಎಂದ ವನ್ನಾಸ್.

"ನೀನು ಅವರ ಕಣ್ಣು ತೆಗೆದೆ."

ಅವನು ಎದ್ದು, ಬಿದ್ದ ಗೇಟಿನ ಮೇಲೆ ನಡೆದುಕೊಂಡು ಬೆಟ್ಟದ ಕಡೆ ಹೋದ.

ಸಂಜೆ ಪೊಲೀಸರು ಹೆಚ್ಚಿನ ಬಲ ಕರೆಸಿಕೊಂಡು ವಾಪಸು ಬಂದರು. ಓಣಿ ಓಣಿಯಲ್ಲಿ ಬಾಗಿಲು ಒಡೆದರು. ದಲೆಂದಾಳ ಮನೆಯಲ್ಲಿ ಹಿಟ್ಟಿನ ಮಡಕೆ, ಎಣ್ಣೆಯ ಜಾಡಿ, ಕನ್ನಡಿ ಒಂದನ್ನೂ ಬಿಡಲಿಲ್ಲ. ಮಗ ಎಲ್ಲಿ ಎಂದು ಕೇಳಿದ್ದಕ್ಕೆ ಹದ್ದಾ, "ನೀವು ಕೆಲಸ ಕೊಡೋಕೆ ಕರ್ಕೊಂಡು ಹೋಗಿರ್ಬೇಕು ಅಂದ್ಕೊಂಡಿದ್ದೆ," ಎಂದಳು. ಅದಕ್ಕೆ ಒಬ್ಬ ಅವಳ ಮೊಣಕಾಲಿಗೆ ಬಂದೂಕಿನ ಹಿಂಬದಿಯಿಂದ ಹೊಡೆದ. ವನ್ನಾಸನನ್ನು ಅವರು ಗುಡಾರದ ಮುಂದಾಳು ಎಂದು ಹುಡುಕುತ್ತಿದ್ದರೇ ಹೊರತು, ಮೇಸ್ತ್ರಿಗೆ ಹೊಡೆದವನೆಂದು ಅವರಿಗೆ ತಿಳಿದಿರಲಿಲ್ಲ.

ಮೊಂಜಿಯ ಮನೆಯಲ್ಲಿ ಅವರಿಗೆ ರಕ್ತದ ಅಂಗಿ ಸಿಕ್ಕಿತು. ಅವನ ತಾಯಿ ಬರ್ನಿಯಾ ಅದನ್ನು ಬೋಗುಣಿಯಲ್ಲಿ ನೆನೆಹಾಕಿದ್ದಳು. ಇದು ಯಾರ ರಕ್ತ ಎಂದರು. ಸೀ ಬಲ್ಗಾಸಿಮ್ ಅವರದು ಎಂದು ಮೊಂಜಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಷ್ಟು ಸಾಕಾಯಿತು ಅವರಿಗೆ. ಠಾಣೆಯಲ್ಲಿ ಅವನನ್ನು ಕೋಲಿಗೆ ಕಟ್ಟಿ ತಲೆಕೆಳಗಾಗಿ ನೇತುಹಾಕಿ ಅಂಗಾಲಿಗೆ ಬಾರಿಸಿದರು. ಎರಡೂ ಅಂಗೈಯಿಂದ ಒಟ್ಟಿಗೆ ಅವನ ಕಿವಿಗಳಿಗೆ ಹೊಡೆದರು, ಮತ್ತೆ ಮತ್ತೆ ಹೊಡೆದರು, ಕಿವಿಯಿಂದ ರಕ್ತ ಬರುವ ತನಕ. ಅವರು ಏನು ಕೇಳುತ್ತಿದ್ದಾರೆಂಬುದೇ ಕೇಳಿಸದ ಸ್ಥಿತಿಯಲ್ಲಿ ಅವನು ಹೌದೆಂದು ತಲೆಯಾಡಿಸಿದ. ಕೊಲೆಯ ಯತ್ನದ ಆರೋಪ ಹಾಕಿದರು.

ಸುದ್ದಿ ಓಣಿಗೆ ಬಂದ ದಿನ ಬರ್ನಿಯಾ ತಲೆವಸ್ತ್ರವಿಲ್ಲದೆ, ಬರಿಗಾಲಲ್ಲಿ ಹದ್ದಾಳ ಅಂಗಳಕ್ಕೆ ಬಂದಳು.

"ದಲೆಂದಾ, ನೀನು ಅಲ್ಲಿದ್ದೆಯಲ್ಲ ತಾಯಿ. ನನ್ನ ಮಗ ಹೊಡೆದ್ನಾ? ಅದೊಂದು ಹೇಳು ಸಾಕು."

ದಲೆಂದಾಳ ಕೈಗಳಿಗೆ ಸುಟ್ಟ ಗಾಯದ ಪಟ್ಟಿ ಸುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಒಳಗಿಂದ ಹದ್ದಾಳ ದನಿ ಬಂತು. "ಹೊಗೆ ತುಂಬಿತ್ತಂತೆ ಬರ್ನಿಯಾ. ಅವಳಿಗೇನೂ ಕಾಣಿಸಿಲ್ಲ."

"ನಾನು ಅವಳನ್ನ ಕೇಳಿದ್ದು."

"ಅವಳ ಪರವಾಗಿ ನಾನು ಹೇಳಿದ್ದು."

ಬರ್ನಿಯಾ ದಲೆಂದಾಳ ಮುಖವನ್ನೇ ನೋಡುತ್ತಾ ನಿಂತಳು. ದಲೆಂದಾ ತಲೆ ತಗ್ಗಿಸಿದಳು. ಆಗ ಬರ್ನಿಯಾಳಿಗೆ ಎಲ್ಲವೂ ಅರ್ಥವಾಯಿತು. ಅವಳು ಬೈಯಲಿಲ್ಲ. ಎರಡೂ ಕೈಗಳ ಉಗುರಿನಿಂದ ತನ್ನ ಕೆನ್ನೆಗಳನ್ನು ಮೇಲಿಂದ ಕೆಳಕ್ಕೆ ಪರಚಿಕೊಂಡಳು, ರಕ್ತ ಒಸರುವ ತನಕ. ಹೆಣದ ಮುಂದೆ ಅಳುವವರು ಪರಚಿಕೊಳ್ಳುವ ಹಾಗೆ. ಆಮೇಲೆ ಬಂದ ದಾರಿಯಲ್ಲೇ ಹೋದಳು.

ದಲೆಂದಾ ಆಸ್ಪತ್ರೆಗೆ ಹೋದಳು. ಸೀ ಬಲ್ಗಾಸಿಮ್ ಅವರ ಅರ್ಧ ಮುಖ ಹತ್ತಿಯೊಳಗೆ ಮುಚ್ಚಿತ್ತು. ಏಟಿನ ಹೊತ್ತಿನದು ಅವರ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು. ಬಾವುಟ ಕಟ್ಟಿದ್ದು ನೆನಪಿತ್ತು, ಆಮೇಲೆ ಆಸ್ಪತ್ರೆಯ ದೀಪ.

"ಬೇಕರಿ ಮೊಂಜಿ ಅಂತೆ ಕಣೇ ಹೊಡೆದಿದ್ದು. ಅವನೇ ಒಪ್ಕೊಂಡಿದಾನಂತೆ." ಅವರು ಉಳಿದ ಕಣ್ಣನ್ನು ಮಾಡಿನ ಕಡೆ ತಿರುಗಿಸಿದರು. "ನಾನು ಅವನಿಗೆ ಏನು ಮಾಡಿದ್ದೆ ಅಂತ ಮಲಗಿದಲ್ಲೇ ಯೋಚಿಸ್ತೀನಿ. ಏನೂ ಹೊಳೆಯಲ್ಲ."

ಅವಳು ಅಲ್ಲಿ ಕೂರಲಾರದೆ ಎದ್ದಳು.

ವನ್ನಾಸ್ ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಬೆಟ್ಟದ ಆಚೆ ಸೋದರಮಾವನ ಕುರಿಹಟ್ಟಿ, ಅದರ ಹಿಂದೆ ಹರದಾರಿ ದೂರದಲ್ಲಿ ಅಲ್ಜೀರಿಯಾದ ಗಡಿ. ಮಧ್ಯಾಹ್ನದ ಬಿಸಿಲಲ್ಲಿ ಅವಳು ಹತ್ತಿ ಹೋದಳು. ವನ್ನಾಸ್ ಕಲ್ಲಿನ ಗೋಡೆಗೊರಗಿ ಕೂತಿದ್ದ. ಮುರಿದ ಕೈಗೆ ಮಾವ ಎರಡು ಕಡ್ಡಿ ಇಟ್ಟು ಬಟ್ಟೆ ಸುತ್ತಿದ್ದ. ಬೆರಳುಗಳು ಬಾತು ನೀಲಿಗಟ್ಟಿದ್ದವು.

"ಮೊಂಜಿನ ಹಿಡ್ಕೊಂಡು ಹೋಗಿದಾರೆ. ನೀನು ಮಾಡಿದ್ದನ್ನ ಅವನ ತಲೆಗೆ ಕಟ್ಟಿದಾರೆ," ಎಂದಳು.

"ಗೊತ್ತು. ಮಾವ ಹೇಳ್ದ."

"ಗೊತ್ತಿದ್ದೂ ಕೂತಿದೀಯಾ?"

"ಇನ್ನೇನು ಮಾಡ್ಲಿ? ನಾನು ಹೋದ್ರೆ ಹೊಡೆದು ಸಾಯಿಸ್ತಾರೆ. ನನ್ನ ಮೇಲೆ ಅವರಿಗೆ ಮೊದಲೇ ಕಣ್ಣಿದೆ. ಮೊಂಜಿ ಮೇಲೇನಿದೆ? ವಕೀಲರು ಬರ್ತಾರೆ, ಬಿಡಿಸ್ತಾರೆ."

"ಅವನ ಕಿವಿಯಿಂದ ರಕ್ತ ಬರ್ತಿದೆ ವನ್ನಾಸ್. ಅವರಮ್ಮ ಕೂಗಿದ್ದೂ ಅವನಿಗೆ ಕೇಳಿಸ್ಲಿಲ್ವಂತೆ."

ವನ್ನಾಸ್ ನೆಲ ನೋಡಿದ. "ನಾನು ಬೇಕು ಅಂತ ಮಾಡಿದ್ದಲ್ಲ. ಸಾಲ್ಹ ಸತ್ತ ಅಂದ್ರು. ತಲೆ ನಿಲ್ಲಲಿಲ್ಲ."

"ಎರಡನೇ ಸಲ ಎತ್ತಿದ್ದು?"

ಅವನು ಹಲ್ಲಿನಿಂದ ಕೈಯ ಬಟ್ಟೆಯ ಗಂಟು ಬಿಗಿದ.

"ನಾಳೆ ಗಫ್ಸಾದ ಕೋರ್ಟಿಗೆ ಹೋಗ್ತೀನಿ," ಎಂದಳು. "ನಿನ್ನ ಹೆಸರು ಹೇಳ್ತೀನಿ. ನೀನು ನನ್ನ ಜೊತೆ ಬಂದ್ರೆ ಒಳ್ಳೇದು. ಇಲ್ಲ, ಓಡಿ ಹೋಗ್ತೀಯಾ, ಗಡಿ ಅಲ್ಲೇ ಇದೆ. ಅದಕ್ಕೇ ಮೊದಲು ನಿನಗೆ ಹೇಳೋಕೆ ಬಂದೆ."

ಅವನು ಎದ್ದದ್ದು ಅವಳಿಗೆ ಕಾಣಲೇ ಇಲ್ಲ. ಎಡಗೈಯಿಂದ ಅವಳ ಗಂಟಲು ಹಿಡಿದು ಗೋಡೆಗೆ ಅದುಮಿದ. ಕಲ್ಲಿನ ಮೂಲೆ ಬೆನ್ನಿಗೆ ಚುಚ್ಚಿತು. ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದವು. ಅವಳು ಕೈ ಎತ್ತಲಿಲ್ಲ. ಅವನ ಬಾತ ಬಲಗೈ ಅವಳ ಎಟುಕಿನಲ್ಲೇ ಇತ್ತು, ಒಮ್ಮೆ ತಿರುಚಿದ್ದರೆ ಅವನು ನೆಲಕ್ಕುರುಳುತ್ತಿದ್ದ. ಅವಳು ಮುಟ್ಟಲಿಲ್ಲ. ಉಸಿರು ಕಟ್ಟಿ ಕಣ್ಣು ಕತ್ತಲಿಡುವಾಗಲೂ ಅವನ ಮುಖವನ್ನೇ ನೋಡುತ್ತಿದ್ದಳು.

"ಹೇಳಲ್ಲ ಅನ್ನು," ಎಂದ ಅವನು. "ಅನ್ನೇ."

ಅವಳು ತಲೆ ಅಡ್ಡಡ್ಡ ಆಡಿಸಿದಳು. ಅವನು ಹಣೆಯಿಂದ ಅವಳ ಬಾಯಿಗೆ ಗುದ್ದಿದ. ತುಟಿ ಸೀಳಿತು. ಆಮೇಲೆ ಅವನ ಹಿಡಿತ ತಾನಾಗಿಯೇ ಸಡಿಲವಾಯಿತು, ಅವಳು ಜಾರಿ ಕೂತಳು.

"ಹೋಗು," ಎಂದ. "ನನಗೆ ತಂಗಿ ಇಲ್ಲ."

ಮರುದಿನ ಮೊಂಜಿಯ ವಕೀಲೆಯ ಜೊತೆ ಅವಳು ತನಿಖಾ ನ್ಯಾಯಾಧೀಶರ ಮುಂದೆ ಕೂತಳು. ಸೀಳಿದ ತುಟಿಯಿಂದ ಮಾತು ತೊದಲುತ್ತಿತ್ತು. ನಡೆದದ್ದನ್ನು ಮೊದಲಿನಿಂದ ಹೇಳಿದಳು.

"ತಪ್ಪು ನಿಮ್ಮ ಅಣ್ಣನದೇ ಅನ್ನೋದಕ್ಕೆ ನಿಮ್ಮ ಮಾತು ಬಿಟ್ಟು ಬೇರೇನಿದೆ?" ಎಂದು ಅವರು ಕೇಳಿದರು.

"ಅವನ ಬಲಗೈ ಮಣಿಕಟ್ಟು ಮುರಿದಿದೆ. ಎರಡನೇ ಸಲ ಹೊಡೆಯೋಕೆ ಹೋದಾಗ ನಾನೇ ಸುತ್ತಿಗೆಯಿಂದ ಹೊಡೆದೆ. ಮೊಂಜಿ ಕೈ ನೋಡಿ, ಸರಿಯಾಗಿದೆ."

"ಈ ಕುತ್ತಿಗೆ ಮೇಲಿನ ಗುರುತು?"

ದಲೆಂದಾ ತಲೆವಸ್ತ್ರವನ್ನು ಮೇಲಕ್ಕೆಳೆದುಕೊಂಡಳು. "ಅದು ನಮ್ಮ ಮನೆ ವಿಷಯ."

ವನ್ನಾಸನಿಗೆ ಓಡಲು ಒಂದು ಇಡೀ ದಿನವಿತ್ತು. ಪೊಲೀಸರು ಹೋದಾಗ ಅವನು ಅದೇ ಗೋಡೆಗೊರಗಿ ಕೂತಿದ್ದ. ಯಾಕೆ ಹೋಗಲಿಲ್ಲವೆಂದು ಅವನು ಯಾರಿಗೂ ಹೇಳಲಿಲ್ಲ. ಎದುರಾಡದೆ ಎದ್ದು ನಿಂತವನನ್ನೂ ಅವರು ಬೆಟ್ಟದಿಂದ ರಸ್ತೆಯ ತನಕ ಒದ್ದುಕೊಂಡೇ ಇಳಿಸಿದರು. ಮಾವ ಕಟ್ಟಿದ್ದ ಕಡ್ಡಿಗಳು ಮುರಿದವು, ಒಳಗಿನ ಮೂಳೆ ಇನ್ನೊಮ್ಮೆ ಜರುಗಿತು. ನ್ಯಾಯಾಲಯ ಅವನಿಗೆ ಐದು ವರ್ಷ ವಿಧಿಸಿತು. ಮೊಂಜಿಯನ್ನು ಬಿಟ್ಟರು. ಅವನಿಗೆ ಹೊಡೆದವರ ಮೇಲೆ ಯಾವ ವಿಚಾರಣೆಯೂ ಆಗಲಿಲ್ಲ.

ತೀರ್ಪಿನ ದಿನ ಹದ್ದಾ ಕುಂಟುತ್ತಾ ಮನೆಗೆ ಬಂದು ಮಗಳ ಜಡೆ ಹಿಡಿದು ಓಣಿಯ ಮಣ್ಣಿಗೆ ಎಳೆದು ಹಾಕಿದಳು. ನೀಲಿ ಮೇಲಂಗಿ, ಚಪ್ಪಲಿ, ಹಾಸಿಗೆ ಒಂದರ ಹಿಂದೊಂದು ಹೊರಗೆ ಬಂದು ಬಿದ್ದವು. ನೆರೆಯವರು ಬಾಗಿಲಲ್ಲಿ ನಿಂತು ನೋಡಿದರು. ಗುಡಾರದ ಹುಡುಗರಲ್ಲಿ ಒಬ್ಬ ಕಲ್ಲೆತ್ತಿಕೊಂಡ. ಅಷ್ಟರಲ್ಲಿ ಬರ್ನಿಯಾ ಬಂದು ದಲೆಂದಾಳ ಮುಂದೆ ನಿಂತಳು. ಗೀರುಗಳ ಕಲೆ ಇನ್ನೂ ಮಾಸದ ಮುಖ ಅದು. ಹುಡುಗ ಕಲ್ಲು ಕೆಳಗೆ ಹಾಕಿದ. ಬರ್ನಿಯಾ ಹಾಸಿಗೆ ಸುತ್ತಿ ತನ್ನ ತಲೆಯ ಮೇಲಿಟ್ಟುಕೊಂಡು, "ಬಾ," ಎಂದಳು.

ಸುಟ್ಟ ಕೇಂದ್ರವನ್ನು ಯಾರೂ ಮತ್ತೆ ಕಟ್ಟಲಿಲ್ಲ. ಉಳಿದ ಪಾಠವನ್ನು ದಲೆಂದಾ ಗಫ್ಸಾಕ್ಕೆ ಹೋಗಿ ಮುಗಿಸಿದಳು. ಕೆಲಸ ಕೊಡುವವರು ಅಲ್ಲೂ ಇರಲಿಲ್ಲ. ಸೀ ಬಲ್ಗಾಸಿಮ್ ಮನೆಯ ಪಕ್ಕ ತಗಡಿನ ಶೆಡ್ ಹಾಕಿದರು. ನೀರಿನ ತೊಟ್ಟಿ, ಕಿಟಕಿ ಸರಳು, ಕೈಗಾಡಿಯ ಚೌಕಟ್ಟು. ಅವಳು ಬೆಸುಗೆ ಎಳೆಯುತ್ತಿದ್ದಳು, ಅವರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ಬೈಯುತ್ತಿದ್ದರು. ಹೊಡೆದವನು ಯಾರೆಂದು ಅವರಿಗೆ ಅವಳೇ ಹೇಳಿದ್ದಳು. ಅವರು ಕಣ್ಣಿನ ಪಟ್ಟಿ ಸರಿಮಾಡಿಕೊಂಡು, "ಒಳ್ಳೆ ಕೈ ಇತ್ತು ಅವನದು," ಎಂದಿದ್ದರು. ರೈಲು ಹಳಿಯ ಮೇಲೆ ಹೊಸ ಗುಡಾರ ಎದ್ದಿತ್ತು.

ಎರಡನೇ ಚಳಿಗಾಲದಲ್ಲಿ ಹದ್ದಾಳ ಮೊಣಕಾಲು ಊದಿ ಬಸ್ಸು ಹತ್ತಲಾಗದ ಹಾಗಾಯಿತು. ಅವಳು ವಾರವಾರ ಜೈಲಿಗೆ ಒಯ್ಯುತ್ತಿದ್ದ ಊಟದ ಬುಟ್ಟಿ ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಬಂದು ಕೂತಿತ್ತು. ಇಟ್ಟು ಹೋದವಳು ಓಣಿಯ ತಿರುವಿನಲ್ಲಿ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು, ಹಿಂತಿರುಗಿ ನೋಡಲಿಲ್ಲ.

ಜೈಲಿನಲ್ಲಿ ಗಾಜಿನ ಆಚೆ ಬಂದು ಕೂತ ವನ್ನಾಸ್ ತಂಗಿಯನ್ನು ನೋಡಿ ಎದ್ದು ಹೋಗುವವನಂತೆ ಮಾಡಿದ. ಆಮೇಲೆ ಕೂತ.

"ಅಮ್ಮ?"

"ಕಾಲು ಊದಿದೆ. ಬುಟ್ಟಿ ಕಳಿಸಿದಾಳೆ."

"ಏನಿದೆ ಅದರಲ್ಲಿ?"

"ಕುಸ್ಕುಸ್, ಹುರಿದ ಮೆಣಸಿನಕಾಯಿ, ಒಂದು ತುಂಡು ಕುರಿಮಾಂಸ. ಕಾವಲಿನವನು ಚುಚ್ಚಿ ಚುಚ್ಚಿ ಅದನ್ನ ಖೀಮಾ ಮಾಡಿದಾನೆ."

ವನ್ನಾಸನ ತುಟಿ ಸ್ವಲ್ಪ ಅಲುಗಿತು. "ಇಲ್ಲೂ ಸರ್ಕಾರ ತರಬೇತಿ ಕೊಡತ್ತಂತೆ ಕಣೇ. ವೆಲ್ಡಿಂಗ್. ಹೊರಗೆ ಹೋದ್ಮೇಲೆ ಅನುಕೂಲ ಆಗತ್ತಂತೆ."

ಅವಳಿಗೆ ನಗು ಉಕ್ಕಿತು. ಅವನಿಗೂ ಉಕ್ಕಿತು. ಇಬ್ಬರೂ ಗಾಜಿನ ಎರಡು ಕಡೆ ಭುಜ ಕುಲುಕಿಸಿ ನಕ್ಕರು, ಕಾವಲಿನವನು ತಿರುಗಿ ನೋಡುವ ತನಕ.

"ಸೇರಿದ್ಯಾ?"

"ಈ ಕೈಲಾ?" ಅವನು ಬಲಗೈ ಎತ್ತಿ ತೋರಿಸಿದ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬೆರಳುಗಳು ಅರ್ಧ ಮಡಚಿ ಅಲ್ಲೇ ನಿಲ್ಲುತ್ತಿದ್ದವು. ಅವಳು ಅದನ್ನು ನೋಡಿದಳು, ಕಣ್ಣು ತೆಗೆಯಲಿಲ್ಲ.

"ಎಡಗೈಲಿ ಕಲಿ."

ಅವನು ಕೈ ಕೆಳಗಿಳಿಸಿದ. "ಮೊಂಜಿ ಹೇಗಿದಾನೆ?"

"ಒಂದು ಕಿವಿ ಪೂರ್ತಿ ಹೋಯ್ತು. ಇನ್ನೊಂದಕ್ಕೆ ಕೂಗಿ ಹೇಳ್ಬೇಕು. ಬೇಕರಿಗೆ ಹೋಗ್ತಿದಾನೆ."

ವನ್ನಾಸ್ ಮಂಡಿಯ ಮೇಲಿನ ಕೈಯನ್ನೇ ನೋಡುತ್ತಾ ಕೂತ. "ನಿನ್ನನ್ನ ನಾನು ಕ್ಷಮಿಸಿಲ್ಲ," ಎಂದ ಕೊನೆಗೆ.

"ನಾನೂ ನಿನ್ನನ್ನ ಕ್ಷಮಿಸಿಲ್ಲ."

ಹೊತ್ತಾಯಿತೆಂದು ಕಾವಲಿನವನು ಸರಳಿಗೆ ಬಡಿದ. ವನ್ನಾಸ್ ಎದ್ದು ಎರಡು ಹೆಜ್ಜೆ ಹೋಗಿ ನಿಂತ.

"ಬರೋ ವಾರ ಬುಟ್ಟಿ ಯಾರು ತರ್ತಾರೆ?"

"ಅಮ್ಮನ ಕಾಲು ವಾಸಿ ಆಗದಿದ್ರೆ ನಾನೇ."

ಅವನು ತಲೆಯಾಡಿಸಿ ಒಳಗೆ ಹೋದ. ದಲೆಂದಾ ಖಾಲಿ ಬುಟ್ಟಿ ಇಸಿದುಕೊಂಡು ಹೊರಗೆ ಬಂದಳು. ಶಾಲೆಯೊಂದಕ್ಕೆ ಒಪ್ಪಿಸಬೇಕಾಗಿದ್ದ ನೀರಿನ ತೊಟ್ಟಿಯ ತಳ ಇನ್ನೂ ಕೂಡಿಸಿರಲಿಲ್ಲ. ಸಂಜೆಯೊಳಗೆ ಮುಗಿಸದಿದ್ದರೆ ಮೇಸ್ತ್ರಿ ಬೈಯುತ್ತಾರೆಂದು ಅವಳು ಬಸ್ಸಿನ ಕಡೆ ಬಿರುಸಾಗಿ ನಡೆದಳು.